ಬೇರೆಯವರು ಕೇಳಿ ಬರೆದಿಟ್ಟ ಉತ್ತರಗಳು

ಪಿಎಚ್‌.ಡಿ. ಅಧ್ಯಯನಕ್ಕೆ ನೋಂದಾಯಿಸಿಕೊಂಡು ಒಂದು ವರ್ಷ ಕಳೆಯುವ ಹೊತ್ತಿಗೆ ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ಪ್ರಶ್ನೆ: ದುಡಿಯುವ ಹೆಂಗಸು ತಾನು ಗಳಿಸಿದ ಹಣ ಯಾವುದಕ್ಕೆ ಖರ್ಚಾಗಬೇಕೆಂಬುದನ್ನು ತಾನೇ ತೀರ್ಮಾನಿಸುತ್ತಾಳೆಯೇ? ಆರುನೂರು ಮನೆಗಳಿಗೆ ಹೋಗಿ ಪ್ರಶ್ನಾವಳಿ ತುಂಬಿಸುವ ಯೋಜನೆಯೊಂದನ್ನು ಬರೆದುಕೊಂಡು ಹೋಗಿ ಮಾರ್ಗದರ್ಶಕರ ಮುಂದಿಟ್ಟೆ. ಅವರು ಎರಡನೆಯ ಪುಟಕ್ಕೆ ಹೋಗದೆ, ಪೆನ್ಸಿಲ್ ತೆಗೆದುಕೊಂಡು ಮೊದಲ ಪುಟದ ಅಂಚಿನಲ್ಲೇ ಲೆಕ್ಕ ಹಾಕತೊಡಗಿದರು. ದಿನಕ್ಕೆ ನಾಲ್ಕು ಸಂದರ್ಶನವೆಂದರೂ ನೂರೈವತ್ತು ದಿನ ಬೇಕು, ಬೀಗ ಹಾಕಿದ ಮನೆಗಳಿಗೆ ಮತ್ತೆ ಮತ್ತೆ ಹೋಗುವುದು ಬೇರೆ, ಅದನ್ನೆಲ್ಲ ಕಂಪ್ಯೂಟರಿಗೆ ತುಂಬುವುದು ಬೇರೆ. ಲೆಕ್ಕ ಮುಗಿಸಿ, "ಇದೇ ಪ್ರಶ್ನೆಯನ್ನು ಬೇರೆ ಯಾರಾದರೂ ಈಗಾಗಲೇ ಕೇಳಿದ್ದಾರೆಯೇ, ನೋಡಿದ್ದೀರಾ?" ಎಂದರು. ನಾನು ನೋಡಿರಲಿಲ್ಲ.

ಬೇರೆಯವರು ಸಂಗ್ರಹಿಸಿದ ದತ್ತಾಂಶವನ್ನು ಬಳಸುವುದೆಂದರೆ ಅರ್ಧ ಸಂಶೋಧನೆ ಎಂಬ ಭಾವನೆ ನನ್ನಲ್ಲಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಕ್ಷೇತ್ರಕ್ಕೆ ಹೋಗದವನು ಸಮಾಜಶಾಸ್ತ್ರಜ್ಞನೇ ಅಲ್ಲ ಎಂಬಂತೆ ನಮ್ಮ ಓರಗೆಯವರೆಲ್ಲ ಮಾತನಾಡುತ್ತಿದ್ದ ಕಾಲ ಅದು. ಮೇಡಂ ಅದಕ್ಕೆ ಎದುರುವಾದ ಹೂಡಲಿಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯ ಅಧ್ಯಯನವನ್ನು ಮತ್ತೊಮ್ಮೆ ಓದಿ, ಅದರಲ್ಲಿ ಅವರು ಯಾರನ್ನು ಸಂದರ್ಶಿಸಿದ್ದಾರೆ ಹೇಳಿ ಎಂದರಷ್ಟೇ. ಅವರು ಯಾರನ್ನೂ ಸಂದರ್ಶಿಸಿರಲಿಲ್ಲ. ಸರ್ಕಾರಿ ದಾಖಲೆಗಳಲ್ಲಿದ್ದ ಸುಮಾರು 26,000 ಆತ್ಮಹತ್ಯೆಗಳ ಕಡತಗಳನ್ನು ವಯಸ್ಸು, ಲಿಂಗ, ವೈವಾಹಿಕ ಸ್ಥಿತಿಗಳ ಪ್ರಕಾರ ವಿಂಗಡಿಸಿಕೊಟ್ಟವರು ಅವರ ಸೋದರಳಿಯ ಮಾರ್ಸೆಲ್ ಮಾಸ್. ಒಂದು ಸಾವನ್ನು ಆತ್ಮಹತ್ಯೆಯೆಂದು ಬರೆದುಕೊಳ್ಳುವ ಅಧಿಕಾರಿಯ ತೀರ್ಮಾನವೇ ಸಾಮಾಜಿಕವಾದದ್ದು, ಆದ್ದರಿಂದ ಆ ಅಂಕಿಗಳನ್ನು ಹಾಗೆಯೇ ನಂಬುವಂತಿಲ್ಲ ಎಂಬ ಆಕ್ಷೇಪ ಆಮೇಲೆ ಬಂದಿತು. 1967ರಲ್ಲಿ ಜ್ಯಾಕ್ ಡಗ್ಲಸ್ ಅದನ್ನು ವಿಸ್ತಾರವಾಗಿ ವಾದಿಸಿದರು. ಆಗ ನಾನು ಈ ಎರಡನೆಯ ಸಂಗತಿಯನ್ನು ಪರೀಕ್ಷೆಗೆ ಓದುವ ಟಿಪ್ಪಣಿಯಂತೆ ಬರೆದಿಟ್ಟುಕೊಂಡೆ. ಅದು ನನ್ನ ಕೆಲಸಕ್ಕೂ ಅನ್ವಯಿಸುತ್ತದೆಂದು ತಿಳಿಯಲು ಇನ್ನೂ ಎಂಟು ತಿಂಗಳು ಬೇಕಾಯಿತು.

ಹುಡುಕಲು ಕುಳಿತಾಗ ಗಾಬರಿಯಾದದ್ದು ದತ್ತಾಂಶದ ಕೊರತೆಯಿಂದಲ್ಲ, ಅದರ ರಾಶಿಯಿಂದ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ, ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಹುಟ್ಟಿಕೊಂಡ ದತ್ತಾಂಶ ಭಂಡಾರಗಳಲ್ಲಿ ದಶಕಗಳ ಸಮೀಕ್ಷೆಗಳು ಕುಳಿತಿವೆ. 1981ರಿಂದ ನಡೆಯುತ್ತಿರುವ ವಿಶ್ವ ಮೌಲ್ಯಗಳ ಸಮೀಕ್ಷೆಯಲ್ಲಿ ಹೆಂಗಸರ ದುಡಿಮೆಯ ಬಗ್ಗೆ ಜನರ ಅಭಿಪ್ರಾಯವಿತ್ತು, ಮನೆಯಲ್ಲಿ ನಿಜವಾಗಿ ಏನು ನಡೆಯುತ್ತದೆಂಬುದು ಇರಲಿಲ್ಲ. ಜನಗಣತಿಯ ಮಾದರಿ ಕಡತಗಳಲ್ಲಿ ಲಕ್ಷಾಂತರ ಜನರ ಉದ್ಯೋಗವಿತ್ತು, ತೀರ್ಮಾನದ ಮಾತೇ ಇರಲಿಲ್ಲ. ಕೊನೆಗೆ ಡಿಎಚ್‌ಎಸ್ ಎಂದು ಎಲ್ಲರೂ ಕರೆಯುವ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆಗಳಲ್ಲಿ ನನ್ನ ಪ್ರಶ್ನೆ ಹೆಚ್ಚುಕಡಿಮೆ ನನ್ನದೇ ಮಾತುಗಳಲ್ಲಿ ಸಿಕ್ಕಿತು. 1984ರಲ್ಲಿ ಆರಂಭವಾಗಿ ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ನಾನೂರಕ್ಕೂ ಹೆಚ್ಚು ಸಮೀಕ್ಷೆಗಳನ್ನು ನಡೆಸಿದ ಕಾರ್ಯಕ್ರಮವದು. 15ರಿಂದ 49 ವಯಸ್ಸಿನ ಹೆಂಗಸರನ್ನು ಮಾತನಾಡಿಸುತ್ತದೆ. ನಾನು ಒಂದೇ ದೇಶದಲ್ಲಿ ಬೇರೆ ಬೇರೆ ವರ್ಷ ನಡೆದ ಎರಡು ಸುತ್ತುಗಳನ್ನು ಆರಿಸಿಕೊಂಡೆ.

ಕಡತಗಳಿಗೆ ಹಣ ಕೊಡಬೇಕಾಗಿರಲಿಲ್ಲ, ಆದರೆ ಯಾವ ಅಧ್ಯಯನಕ್ಕೆ ಬೇಕೆಂದು ಒಂದು ಸಣ್ಣ ವಿವರಣೆ ಬರೆದುಕೊಡಬೇಕಿತ್ತು. ಉತ್ತರ ಕೊಟ್ಟವರು ಯಾರೆಂದು ಪತ್ತೆಹಚ್ಚಲು ಪ್ರಯತ್ನಿಸುವುದಿಲ್ಲ, ಅನುಮತಿಯಿಲ್ಲದೆ ಕಡತವನ್ನು ಇನ್ನೊಬ್ಬ ಸಂಶೋಧಕರಿಗೆ ದಾಟಿಸುವುದಿಲ್ಲ ಎಂದು ಒಪ್ಪಿಕೊಳ್ಳಬೇಕಿತ್ತು. ನಲವತ್ತು ಪುಟದ ಸಾರಲೇಖದಲ್ಲಿ ನಾನು ಹೇಳಲಾಗದೆ ತಡವರಿಸಿದ್ದನ್ನು ಆ ಒಂದು ಪ್ಯಾರಾದಲ್ಲಿ ಹೇಳಬೇಕಾಗಿ ಬಂದದ್ದು ಒಳ್ಳೆಯದೇ ಆಯಿತು.

ಕಡತ ತೆರೆದ ದಿನ ಪರದೆಯ ಮೇಲೆ ಕಂಡದ್ದು ಸಾವಿರಾರು ಕಂಬಸಾಲುಗಳು, ಅಂದರೆ ಕಾಲಂಗಳು. ಹೆಸರುಗಳ ಬದಲು ವಿ012, ವಿ106, ವಿ739 ಎಂಬಂಥ ಸಂಖ್ಯೆಗಳು. ಒಳಗೆ ಬರೀ ಅಂಕಿಗಳು. ಒಂದು ಕಂಬಸಾಲಿನಲ್ಲಿ 1200ರ ಆಸುಪಾಸಿನ ಸಂಖ್ಯೆಗಳೇ ತುಂಬಿದ್ದವು. ಅದು ತಿಂಗಳ ಗಳಿಕೆಯಿರಬೇಕೆಂದು ನಾನು ಅರ್ಧ ದಿನ ಸಂಭ್ರಮಿಸಿದ್ದೆ. ಅವು ತಾರೀಕುಗಳಾಗಿದ್ದವು: ಈ ಸಮೀಕ್ಷೆಗಳು 1900ರ ಜನವರಿಯನ್ನು ಒಂದನೆಯ ತಿಂಗಳೆಂದು ಹಿಡಿದು ಎಲ್ಲ ದಿನಾಂಕಗಳನ್ನೂ ತಿಂಗಳುಗಳ ಎಣಿಕೆಯಲ್ಲಿ ಬರೆಯುತ್ತವೆ, ಆ ಲೆಕ್ಕದಲ್ಲಿ 1200 ಎಂದರೆ 1999ರ ಡಿಸೆಂಬರ್. ಯಾವ ಅಂಕಿಯ ಅರ್ಥವೇನೆಂದು ತಿಳಿಸುವ ಕೋಡ್‌ಬುಕ್ ತೆರೆಯದೆ ಕಡತ ತೆರೆದವನಿಗೆ ಸಿಗುವ ಶಾಸ್ತಿ ಅದು.

ಅದಕ್ಕಿಂತ ಕೆಟ್ಟ ತಪ್ಪೊಂದನ್ನು ಎರಡು ವಾರ ಗಮನಿಸದೆ ಹೊತ್ತುಕೊಂಡಿದ್ದೆ. ಹದಿನೆಂಟು ದಾಟಿದ ಮೇಲೆ ಮದುವೆಯಾದವರನ್ನು ಬೇರ್ಪಡಿಸಲು, ಮೊದಲ ಮದುವೆಯ ವಯಸ್ಸು ಹದಿನೆಂಟಕ್ಕಿಂತ ಹೆಚ್ಚಿರುವವರೆಲ್ಲ ಒಂದು ಗುಂಪು ಎಂದು ಸ್ಟಾಟಾ ಎಂಬ ಅಂಕಿಅಂಶಗಳ ತಂತ್ರಾಂಶಕ್ಕೆ ಆದೇಶ ಕೊಟ್ಟಿದ್ದೆ. ಮದುವೆಯೇ ಆಗದವರಿಗೆ ಆ ಕಂಬಸಾಲು ಖಾಲಿ ಇರುತ್ತದೆ. ಸ್ಟಾಟಾ ಖಾಲಿ ಜಾಗವನ್ನು ಎಲ್ಲ ಸಂಖ್ಯೆಗಳಿಗಿಂತ ದೊಡ್ಡ ಸಂಖ್ಯೆಯೆಂದು ಪರಿಗಣಿಸುತ್ತದೆ. ಹೀಗಾಗಿ ಮದುವೆಯಾಗದ ಹುಡುಗಿಯರೆಲ್ಲ ನನ್ನ ಲೆಕ್ಕದಲ್ಲಿ ತಡವಾಗಿ ಮದುವೆಯಾದವರಾಗಿ, ತಡವಾದ ಮದುವೆಗೂ ವಿದ್ಯಾಭ್ಯಾಸಕ್ಕೂ ಇರುವ ನಂಟು ಅತ್ಯಂತ ಸುಂದರವಾಗಿ ಮೂಡಿಬಂದಿತ್ತು. ಸುಂದರವಾದ ಫಲಿತಾಂಶ ಕಂಡಾಗ ಮೊದಲು ಛೇದವನ್ನು ನೋಡುವ ಚಟ ನನಗೆ ಹತ್ತಿದ್ದು ಅಲ್ಲಿಂದ.

ನನ್ನ ಅಧ್ಯಯನದ ಜೀವಾಳವಾಗಿದ್ದ ವಿ739ಕ್ಕೆ, ಅಂದರೆ ಗಳಿಸಿದ ಹಣದ ಖರ್ಚನ್ನು ಯಾರು ತೀರ್ಮಾನಿಸುತ್ತಾರೆಂಬ ಪ್ರಶ್ನೆಗೆ, ಬಂದಾಗ ಆ ಕಂಬಸಾಲಿನ ಹೆಚ್ಚಿನ ಭಾಗ ಖಾಲಿಯಿತ್ತು. ಹೆಂಗಸರು ಉತ್ತರಿಸಲು ಹಿಂಜರಿದಿರಬೇಕೆಂದು ನಾನು ಊಹಿಸಿದೆ. ಆ ಹಿಂಜರಿಕೆಯ ಬಗ್ಗೆಯೇ ಒಂದು ಅಧ್ಯಾಯ ಬರೆಯಬಹುದೆಂದು ಮೇಡಂಗೆ ಉತ್ಸಾಹದಿಂದ ಪತ್ರವನ್ನೂ ಬರೆದೆ. ಅವರ ಉತ್ತರ ಒಂದೇ ಸಾಲು: "ಪ್ರಶ್ನಾವಳಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ನೀವೇ ಉತ್ತರಿಸುವವರೆಂದುಕೊಂಡು ಬೆರಳಿಟ್ಟು ಓದಿ."

ಹಾಗೆಯೇ ಓದಿದೆ. ಪ್ರಶ್ನಾವಳಿಯ ಬಲ ಅಂಚಿನಲ್ಲಿ ಸಣ್ಣ ಬಾಣಗಳಿರುತ್ತವೆ. ಇಂಥ ಉತ್ತರ ಬಂದರೆ ಇಂಥ ಪ್ರಶ್ನೆಗೆ ಹಾರು ಎಂದು ಅವು ಸಂದರ್ಶಕಿಗೆ ಹೇಳುತ್ತವೆ. ಕಳೆದ ಹನ್ನೆರಡು ತಿಂಗಳಲ್ಲಿ ಕೆಲಸ ಮಾಡಿಲ್ಲವೆಂದವಳಿಗೆ ಒಂದು ಬಾಣ. ಕೆಲಸ ಮಾಡಿದ್ದರೂ ಕೂಲಿಯಾಗಿ ನಗದು ಸಿಗದವಳಿಗೆ ಇನ್ನೊಂದು. ಮದುವೆಯಾಗದವಳಿಗೆ, ಗಂಡ ತೀರಿಕೊಂಡವಳಿಗೆ, ಬೇರೆಯಾದವಳಿಗೆ ಮತ್ತೊಂದು. ಈ ಬಾಣಗಳನ್ನೆಲ್ಲ ದಾಟಿ ಉಳಿದವಳಿಗೆ ಮಾತ್ರ, ಅಂದರೆ ಈಗ ಗಂಡ ಅಥವಾ ಸಂಗಾತಿಯೊಂದಿಗೆ ಬಾಳುತ್ತಿದ್ದು, ಕಳೆದ ವರ್ಷ ದುಡಿದು, ಆ ದುಡಿಮೆಗೆ ನಗದು ಪಡೆದವಳಿಗೆ ಮಾತ್ರ, ಹಣದ ತೀರ್ಮಾನ ಯಾರದು ಎಂಬ ಪ್ರಶ್ನೆ ತಲುಪುತ್ತದೆ. ನಾನು ಮೌನವೆಂದು ತಿಳಿದದ್ದು ಮೌನವಾಗಿರಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಮನೆಯದೇ ಹೊಲದಲ್ಲಿ ಸಂಬಳವಿಲ್ಲದೆ ದಿನವಿಡೀ ದುಡಿಯುವವಳು ನನ್ನ "ದುಡಿಯುವ ಹೆಂಗಸು" ಎಂಬ ವರ್ಗದೊಳಗೆ ಬರುವಂತೆಯೇ ಇರಲಿಲ್ಲ. ನನ್ನ ಆರುನೂರು ಮನೆಗಳ ಯೋಜನೆಯಲ್ಲಿ ಅವಳಿಗೊಂದು ಪ್ರತ್ಯೇಕ ಪ್ರಶ್ನೆ ಇತ್ತು. ಇನ್ನೊಬ್ಬರ ಪ್ರಶ್ನಾವಳಿಯನ್ನು ಒಪ್ಪಿಕೊಂಡಾಗ ಅವಳನ್ನು ಬಿಟ್ಟುಕೊಟ್ಟಿದ್ದೆ, ಅದೂ ನನಗೆ ಗೊತ್ತಾಗದಂತೆ. ಪ್ರಬಂಧದ ಎರಡನೆಯ ಅಧ್ಯಾಯವನ್ನು ಇದೊಂದೇ ಕಾರಣಕ್ಕೆ ಮೊದಲಿನಿಂದ ಬರೆದೆ.

ಮುಂದಿನ ಹಂತ ಶುದ್ಧ ಯಾಂತ್ರಿಕವಾದದ್ದು, ಆದರೂ ಅದನ್ನು ಬಿಟ್ಟು ಮುಂದೆ ಹೋಗಬಾರದೆಂದು ಈಗಲೂ ಎಲ್ಲರಿಗೂ ಹೇಳುತ್ತೇನೆ: ಮುದ್ರಿತ ವರದಿಯಲ್ಲಿರುವ ಒಂದು ಕೋಷ್ಟಕವನ್ನು ನಮ್ಮ ಕೈಯಿಂದ ಮತ್ತೆ ತಯಾರಿಸಿ, ದಶಮಾಂಶದವರೆಗೆ ಹೊಂದಿಸುವುದು. ನನ್ನ ಅಂಕಿಗಳು ಮೊದಲು ಬಹಳ ದೂರವಿದ್ದವು, ಏಕೆಂದರೆ ನಾನು ತೂಕಗಳನ್ನು ಬಳಸಿರಲಿಲ್ಲ. ಚಿಕ್ಕ ಪ್ರದೇಶಗಳ ಬಗ್ಗೆಯೂ ಏನಾದರೂ ಹೇಳಲು ಸಾಧ್ಯವಾಗಲೆಂದು ಅಲ್ಲಿಂದ ಜನಸಂಖ್ಯೆಯ ಪ್ರಮಾಣಕ್ಕಿಂತ ಹೆಚ್ಚು ಮನೆಗಳನ್ನು ಆರಿಸಿರುತ್ತಾರೆ. ಅದನ್ನು ಸರಿದೂಗಿಸಲು ಪ್ರತಿಯೊಬ್ಬರಿಗೂ ಒಂದೊಂದು ತೂಕ ಕೊಟ್ಟಿರುತ್ತಾರೆ. ಈ ಕಡತಗಳಲ್ಲಿ ಆ ತೂಕವನ್ನು ದಶಮಾಂಶ ಬಿಂದುವಿಲ್ಲದೆ ಬರೆಯುವುದರಿಂದ ಬಳಸುವ ಮೊದಲು ಹತ್ತು ಲಕ್ಷದಿಂದ ಭಾಗಿಸಬೇಕು. ತೂಕ ಹಾಕಿದ ಮೇಲೂ ಚೂರು ವ್ಯತ್ಯಾಸ ಉಳಿಯಿತು. ಹತ್ತು ದಿನ ತಲೆ ಕೆಡಿಸಿಕೊಂಡ ನಂತರ ತಿಳಿದದ್ದೇನೆಂದರೆ, ಉತ್ತರ ದಾಖಲಾಗದ ಕೆಲವರನ್ನು ನಾನು ಲೆಕ್ಕದಿಂದಲೇ ತೆಗೆದುಹಾಕಿದ್ದೆ, ವರದಿ ತಯಾರಿಸಿದವರು ಅವರನ್ನೂ ಛೇದದಲ್ಲಿ ಇಟ್ಟುಕೊಂಡಿದ್ದರು. ಎರಡೂ ತಪ್ಪಲ್ಲ, ಆದರೆ ಯಾವುದನ್ನು ಮಾಡಿದ್ದೇವೆಂದು ಹೇಳದಿರುವುದು ತಪ್ಪು. ಒಂದೇ ಜಾಗದಿಂದ ಇಪ್ಪತ್ತೈದು ಮೂವತ್ತು ಮನೆಗಳನ್ನು ಆರಿಸುವ ಪದ್ಧತಿಯಿರುವುದರಿಂದ ನೆರೆಹೊರೆಯವರ ಉತ್ತರಗಳು ಪರಸ್ಪರ ಹೋಲುತ್ತವೆ, ಅದನ್ನು ತಂತ್ರಾಂಶಕ್ಕೆ ತಿಳಿಸದಿದ್ದರೆ ಪ್ರಮಾಣಿತ ದೋಷ, ಅಂದರೆ ಅಂದಾಜು ಎಷ್ಟು ಆಚೀಚೆಯಾಗಬಹುದೆಂಬ ಅಳತೆ, ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ ಎಂಬುದನ್ನೂ ಆ ದಿನಗಳಲ್ಲೇ ಕಲಿತೆ. ಮಹತ್ವದ್ದೆಂದು ಗುರುತು ಹಾಕಿಕೊಂಡಿದ್ದ ನನ್ನ ಮೂರು ಫಲಿತಾಂಶಗಳಲ್ಲಿ ಒಂದು ಅಲ್ಲಿಗೇ ಬಿದ್ದುಹೋಯಿತು.

ಎರಡು ಸುತ್ತುಗಳನ್ನು ಹೋಲಿಸುವ ಆಸೆಗೆ ಇನ್ನೂ ದೊಡ್ಡ ಪೆಟ್ಟು ಕಾದಿತ್ತು. ಹಳೆಯ ಸುತ್ತಿನ ಪ್ರಶ್ನೆ, ನಿಮ್ಮ ಗಳಿಕೆಯನ್ನು ಹೇಗೆ ಬಳಸಬೇಕೆಂದು "ಮುಖ್ಯವಾಗಿ" ಯಾರು ತೀರ್ಮಾನಿಸುತ್ತಾರೆ ಎಂದಿತ್ತು; ಹೊಸದರಲ್ಲಿ ಅದು "ಸಾಮಾನ್ಯವಾಗಿ" ಎಂದಾಗಿತ್ತು. ಮುಖ್ಯವಾಗಿ ಎಂದು ಕೇಳಿದರೆ ಮನಸ್ಸು ಒಬ್ಬರನ್ನು ಹುಡುಕುತ್ತದೆ. ಸಾಮಾನ್ಯವಾಗಿ ಎಂದು ಕೇಳಿದರೆ ದಿನನಿತ್ಯದ ರೂಢಿಯನ್ನು ನೆನೆಯುತ್ತದೆ, ಆಗ "ಇಬ್ಬರೂ ಸೇರಿ" ಎಂಬ ಉತ್ತರ ಸಲೀಸಾಗಿ ಬರುತ್ತದೆ. ಎರಡು ಸುತ್ತುಗಳ ನಡುವೆ "ಇಬ್ಬರೂ ಸೇರಿ" ಎಂದವರು ಹೆಚ್ಚಾಗಿದ್ದನ್ನು ನಾನು ಸಮಾಜದ ಬದಲಾವಣೆಯೆಂದು ಬರೆದಿದ್ದೆ. ಬದಲಾದದ್ದು ಸಮಾಜವೋ ಒಂದು ಕ್ರಿಯಾವಿಶೇಷಣವೋ ಎಂದು ಬೇರ್ಪಡಿಸಿ ತೋರಿಸುವ ದಾರಿ ನನ್ನ ಬಳಿ ಇರಲಿಲ್ಲ. ಆ ಭಾಗವನ್ನು ಕೈಬಿಟ್ಟೆ. ಬಡವರ ಸ್ಥಿತಿ ಸುಧಾರಿಸಿದೆಯೇ ಎಂದು ಸಂಪತ್ತಿನ ಸೂಚ್ಯಂಕದ ಮೂಲಕ ನೋಡಲು ಹೊರಟದ್ದೂ ಹಾಗೆಯೇ ಮುಗಿಯಿತು: ಮನೆಯ ಗೋಡೆ, ನೆಲ, ನೀರಿನ ಮೂಲ, ಮನೆಯಲ್ಲಿರುವ ವಸ್ತುಗಳನ್ನು ಆಧರಿಸಿದ ಆ ಸೂಚ್ಯಂಕ ಪ್ರತಿ ಸಮೀಕ್ಷೆಯಲ್ಲಿ ಜನರನ್ನು ಐದು ಸಮಭಾಗ ಮಾಡುತ್ತದೆ, ಆದ್ದರಿಂದ ಅತಿ ಬಡವರ ಪಾಲು ಯಾವ ಕಾಲಕ್ಕೂ ಐದರಲ್ಲಿ ಒಂದು. ಇದನ್ನು ನಾನೇ ಕಂಡುಹಿಡಿದೆನೆಂದು ಹೇಳಿಕೊಳ್ಳಲಾರೆ. ಮೇಡಂ ಪುಟದ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಈ ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಪ್ರಾಂತ್ಯವಾರು ಕೂಲಿ ದರ ಬೇರೊಂದು ಮೂಲದಲ್ಲಿ ಸಿಕ್ಕಿದ್ದರಿಂದ, ನನ್ನ ಕಡತವನ್ನೂ ಪ್ರಾಂತ್ಯಗಳ ಸರಾಸರಿಗೆ ಇಳಿಸಿ ಎರಡನ್ನೂ ಜೋಡಿಸಿದೆ. ಕೂಲಿ ಹೆಚ್ಚಿದ್ದ ಪ್ರಾಂತ್ಯಗಳಲ್ಲಿ ಹೆಂಗಸರು ಸ್ವತಃ ತೀರ್ಮಾನಿಸುವುದು ಹೆಚ್ಚು, ಆದ್ದರಿಂದ ಹೆಚ್ಚು ಕೂಲಿ ಪಡೆಯುವ ಹೆಂಗಸು ಸ್ವತಃ ತೀರ್ಮಾನಿಸುತ್ತಾಳೆ ಎಂದು ಬರೆದು ಮುಗಿಸಿದ ಮೇಲೆ, ವಿಲಿಯಂ ರಾಬಿನ್ಸನ್ 1950ರಲ್ಲಿ ಬರೆದ ಲೇಖನ ಕಣ್ಣಿಗೆ ಬಿತ್ತು. 1930ರ ಅಮೆರಿಕದ ಜನಗಣತಿಯನ್ನು ಬಳಸಿ ಅವರು ತೋರಿಸಿದ್ದು ಇಷ್ಟು: ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ, ಆದರೆ ವ್ಯಕ್ತಿಗಳನ್ನು ಒಬ್ಬೊಬ್ಬರಾಗಿ ನೋಡಿದರೆ ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ತುಸು ಹೆಚ್ಚು. ವಲಸೆ ಬಂದವರು ಮೊದಲೇ ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲಿ ನೆಲೆಸಿದ್ದರಿಂದ ಹಾಗೆ ಕಂಡಿತ್ತು. ಪ್ರಾಂತ್ಯದ ಸರಾಸರಿಯಿಂದ ವ್ಯಕ್ತಿಯ ಮನೆಯೊಳಕ್ಕೆ ಇಳಿಯುವಂತಿಲ್ಲ. ಬರೆದ ಹನ್ನೊಂದು ಪುಟ ಹೋದವು.

ವಯಸ್ಸುಗಳನ್ನು ಗ್ರಾಫ್ ಮಾಡಿ ನೋಡಿದಾಗ 30, 35, 40 ಎಂಬಲ್ಲೆಲ್ಲ ಗೋಪುರಗಳೆದ್ದಿದ್ದವು. ಸರಿಯಾದ ವಯಸ್ಸು ತಿಳಿಯದವರು ಸೊನ್ನೆ ಅಥವಾ ಐದರಲ್ಲಿ ಕೊನೆಯಾಗುವ ಅಂಕಿ ಹೇಳುವುದು ಎಲ್ಲ ಕಡೆಯೂ ಇರುವ ರೂಢಿ. ಅದನ್ನು ಅಳೆಯಲು ವಿಪಲ್ ಸೂಚ್ಯಂಕವೆಂಬ ಅಳತೆಗೋಲೇ ಇದೆ. ಹೆಚ್ಚು ಕುತೂಹಲ ಹುಟ್ಟಿಸಿದ್ದು ಇಂಥ ಸಮೀಕ್ಷೆಗಳ ಗುಣಮಟ್ಟವನ್ನು ಪರಿಶೀಲಿಸಿದವರು ಗುರುತಿಸಿರುವ ಇನ್ನೊಂದು ಸಂಗತಿ. ಕಳೆದ ಐದು ವರ್ಷಗಳಲ್ಲಿ ಹುಟ್ಟಿದ ಮಗುವಿದ್ದರೆ ಸಂದರ್ಶಕಿ ಲಸಿಕೆ, ಕಾಯಿಲೆ, ಆಹಾರಗಳ ಬಗ್ಗೆ ಪುಟಗಟ್ಟಲೆ ಪ್ರಶ್ನೆ ಕೇಳಬೇಕು. ಕೆಲವು ಕಡೆ ಮಕ್ಕಳ ಹುಟ್ಟಿದ ವರ್ಷ ಅನುಮಾನ ಬರುವ ಪ್ರಮಾಣದಲ್ಲಿ ಆ ಗಡಿಯ ಆಚೆಗೆ ಜಾರಿರುತ್ತದೆ. ಬಿಸಿಲಿನಲ್ಲಿ ನಡೆದು ದಣಿದು, ಸಂಜೆಯೊಳಗೆ ಇನ್ನೂ ಎರಡು ಮನೆ ಮುಗಿಸಬೇಕಾದ ಒಬ್ಬರು ಆ ಕಡತದೊಳಗೆ ನಿಂತಿರುವುದು ನನಗೆ ಮೊದಲ ಬಾರಿ ಕಂಡಿತು. ಡರ್ಖೈಮರ ಕಡತಗಳನ್ನು ಬರೆದ ಅಧಿಕಾರಿಯ ನೆನಪಾದದ್ದೂ ಆಗಲೇ.

ಅಲ್ಲಿಂದ ಮುಂದೆ ನಾನು ಸಂದರ್ಶಕಿಗಾಗಿ ಬರೆದ ಸೂಚನೆಗಳನ್ನೇ ಹೆಚ್ಚು ಓದತೊಡಗಿದೆ. ಹಾಗೆ ಓದುವಾಗ ಸಿಕ್ಕಿದ್ದು, ಮನೆಯ ತೀರ್ಮಾನಗಳ ಪ್ರಶ್ನೆಗಳು ಮುಗಿದ ಕೂಡಲೇ ಬರುವ ಒಂದು ಸಣ್ಣ ಪೆಟ್ಟಿಗೆ. ಅದು ಉತ್ತರಿಸುವವಳಿಗೆ ಕೇಳುವ ಪ್ರಶ್ನೆಯಲ್ಲ. ಸಂದರ್ಶಕಿ ತಾನೇ ಸುತ್ತ ನೋಡಿ ತುಂಬಬೇಕಾದದ್ದು. ಈ ಹೊತ್ತಿನಲ್ಲಿ ಹತ್ತಿರ ಯಾರಿದ್ದಾರೆ: ಹತ್ತು ವರ್ಷದೊಳಗಿನ ಮಕ್ಕಳು, ಗಂಡ, ಬೇರೆ ಗಂಡಸರು, ಬೇರೆ ಹೆಂಗಸರು. ಪ್ರತಿಯೊಂದಕ್ಕೂ ಮೂರು ಆಯ್ಕೆ: ಇದ್ದಾರೆ ಮತ್ತು ಕೇಳಿಸಿಕೊಳ್ಳುತ್ತಿದ್ದಾರೆ; ಇದ್ದಾರೆ, ಆದರೆ ಕೇಳಿಸಿಕೊಳ್ಳುತ್ತಿಲ್ಲ; ಇಲ್ಲ. ಗಂಡ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಾನೋ ಸುಮ್ಮನೆ ನಿಂತಿದ್ದಾನೋ ಎಂದು ಆ ಕ್ಷಣದಲ್ಲಿ ಒಬ್ಬರು ಅಂದಾಜು ಮಾಡಿ ಗುರುತು ಹಾಕಿದ್ದಾರೆ, ಆ ಗುರುತು ಒಂದು ಅಂಕಿಯಾಗಿ ನನ್ನ ಕಂಪ್ಯೂಟರಿಗೆ ಬಂದು ಕುಳಿತಿದೆ. ಒಂದು ವರ್ಷದಿಂದ ಆ ಕಂಬಸಾಲು ನನ್ನ ಕಡತದಲ್ಲೇ ಇತ್ತು. ಅದನ್ನು ನಾನು ತೆರೆದಿರಲಿಲ್ಲ. ಅಧ್ಯಯನದ ಎಲ್ಲ ವಿಶ್ಲೇಷಣೆಗಳನ್ನೂ ಗಂಡ ಕೇಳಿಸಿಕೊಳ್ಳುತ್ತಿದ್ದ ಸಂದರ್ಶನಗಳನ್ನು ಬಿಟ್ಟು ಮತ್ತೊಮ್ಮೆ ಮಾಡಿದೆ. ನನ್ನ ಕಡತದಲ್ಲಿ ಅಂಥವು ಕಡಿಮೆಯಿದ್ದುದರಿಂದ ಒಟ್ಟು ಚಿತ್ರ ಹೆಚ್ಚು ಕದಲಲಿಲ್ಲ, ಆದರೂ ಎರಡೂ ಕೋಷ್ಟಕಗಳನ್ನು ಅಕ್ಕಪಕ್ಕ ಮುದ್ರಿಸಿದೆ. ಪ್ರಬಂಧದಲ್ಲಿ "ತೀರ್ಮಾನಿಸುತ್ತಾಳೆ" ಎಂದಿದ್ದ ಕಡೆಯಲ್ಲೆಲ್ಲ "ತೀರ್ಮಾನಿಸುವುದಾಗಿ ಹೇಳಿದ್ದಾಳೆ" ಎಂದು ತಿದ್ದಿದೆ. ವಾಕ್ಯಗಳು ಉದ್ದವಾದವು, ಓದಲು ಬೇಸರವೂ ಆಗಬಹುದು. ಆದರೆ ನನ್ನ ಬಳಿ ಇದ್ದದ್ದು ಅಷ್ಟೇ.

ಬಾಲಾಪರಾಧದ ಬಗ್ಗೆ ಕ್ಲಿಫರ್ಡ್ ಶಾ ಮತ್ತಿತರರ ಕಾಲದ ಹಳೆಯ ಅಧ್ಯಯನಗಳನ್ನು ಪಾಠವಾಗಿ ಓದಿದ್ದರೂ, ಹಳೆಯ ದತ್ತಾಂಶವನ್ನು ಮರಳಿ ಬಳಸುವ ಶ್ರಮ ಎಂಥದ್ದೆಂದು ನನಗೆ ಅರ್ಥವಾದದ್ದು ಅಪರಾಧಶಾಸ್ತ್ರಜ್ಞರಾದ ರಾಬರ್ಟ್ ಸ್ಯಾಂಪ್‌ಸನ್ ಮತ್ತು ಜಾನ್ ಲಾಬ್ ಅವರ ಕೆಲಸದಿಂದ. ಷೆಲ್ಡನ್ ಮತ್ತು ಎಲಿನಾರ್ ಗ್ಲೂಕ್ ದಂಪತಿ ಬಾಸ್ಟನ್ ಸುತ್ತಮುತ್ತಲಿನ 500 ಬಾಲಾಪರಾಧಿಗಳನ್ನೂ ಅಪರಾಧದ ದಾರಿ ಹಿಡಿಯದ 500 ಹುಡುಗರನ್ನೂ 1940ರಿಂದ ವರ್ಷಗಟ್ಟಲೆ ಹಿಂಬಾಲಿಸಿ ಬರೆದಿಟ್ಟ ಕಾಗದಗಳು ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳಲ್ಲಿದ್ದವು. 1980ರ ದಶಕದಲ್ಲಿ ಅವನ್ನು ತೆರೆದ ಇವರಿಬ್ಬರು, ಕೈಬರಹದ ಟಿಪ್ಪಣಿಗಳನ್ನು ಹೊಸದಾಗಿ ಸಂಕೇತಗಳಿಗೆ ಇಳಿಸಲು ವರ್ಷಗಳನ್ನೇ ಕೊಟ್ಟು 1993ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ದತ್ತಾಂಶ ಸಿದ್ಧವಾಗಿದೆ, ನಿಮಗೇನು ಸುಲಭ ಎಂದು ಗೆಳೆಯರು ಹೇಳಿದಾಗಲೆಲ್ಲ ನಾನು ಈ ಪೆಟ್ಟಿಗೆಗಳನ್ನು ನೆನೆಯುತ್ತಿದ್ದೆ.

ನಕ್ಷೆಗಳನ್ನು ಮಾಡುವ ಒಂದು ಯೋಜನೆಯೂ ಇತ್ತು, ಅದನ್ನು ನಾನಾಗಿಯೇ ಬಿಟ್ಟೆ. ಉತ್ತರ ಕೊಟ್ಟವರು ಪತ್ತೆಯಾಗದಿರಲೆಂದು ಈ ಸಮೀಕ್ಷೆಗಳಲ್ಲಿ ಸ್ಥಳಸೂಚಕ ಬಿಂದುಗಳನ್ನು ಬೇಕೆಂದೇ ಸರಿಸಿರುತ್ತಾರೆ: ನಗರದಲ್ಲಿ ಎರಡು ಕಿಲೋಮೀಟರ್‌ವರೆಗೆ, ಹಳ್ಳಿಗಳಲ್ಲಿ ಐದರವರೆಗೆ, ಹಳ್ಳಿಗಳಲ್ಲೇ ನೂರಕ್ಕೆ ಒಂದನ್ನು ಹತ್ತರವರೆಗೆ. ಮಾರುಕಟ್ಟೆಗೆ ಎಷ್ಟು ದೂರವೆಂದು ಅಳೆಯಲು ಹೊರಟವನಿಗೆ ಇದು ಕಿರಿಕಿರಿ. ಆದರೆ ಆ ಹೆಂಗಸರು ತಮ್ಮ ಮನೆಯ ಮಾತು ಹೇಳಿದ್ದು ನನಗಲ್ಲ, ಎದುರಿಗೆ ಕುಳಿತಿದ್ದ ಒಬ್ಬರಿಗೆ, ಹೆಸರು ಹೊರಬೀಳುವುದಿಲ್ಲವೆಂಬ ಮಾತಿನ ಮೇಲೆ.

ಪ್ರಬಂಧ ಒಪ್ಪಿಸಿ ಕೆಲಕಾಲವಾಗಿತ್ತು. 2025ರ ಆರಂಭದಲ್ಲಿ ಅಮೆರಿಕ ಸರ್ಕಾರದ ನೆರವು ನಿಂತಾಗ ಆ ಸಮೀಕ್ಷಾ ಕಾರ್ಯಕ್ರಮದ ಕೆಲಸವೂ ನಿಂತಿತು, ಹೊಸಬರ ನೋಂದಣಿಗಳು ತಡೆಹಿಡಿಯಲ್ಪಟ್ಟವು. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಆ ದಿನಗಳಲ್ಲೇ ನನ್ನನ್ನು ಹುಡುಕಿಕೊಂಡು ಬಂದು, "ಸರ್, ನಿಮ್ಮ ಹತ್ತಿರ ಕಡತಗಳಿವೆಯಂತಲ್ಲ, ಒಂದು ಪ್ರತಿ ಕೊಡುತ್ತೀರಾ?" ಎಂದು ಕೇಳಿದಳು. ಕಡತಗಳು ನನ್ನ ಕಂಪ್ಯೂಟರಿನಲ್ಲೇ ಇದ್ದವು, ಐದು ನಿಮಿಷದ ಕೆಲಸ. ಬೇರೆಯವರಿಗೆ ದಾಟಿಸುವುದಿಲ್ಲವೆಂದು ಒಪ್ಪಿಕೊಂಡೇ ನಾನು ಅವನ್ನು ಪಡೆದದ್ದೆಂದು ಅವಳಿಗೆ ಹೇಳಿದೆ. ಅವಳ ಮುಖ ಬಾಡಿತು, ನನಗೂ ಸಂಕಟವಾಯಿತು. ಬದಲಿಗೆ ನಾನು ಬರೆದ ಆದೇಶಗಳ ಕಡತವನ್ನೂ, ಅಂಚಿನ ಬಾಣಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ ಆ ಮುದ್ರಿತ ಪ್ರಶ್ನಾವಳಿಯನ್ನೂ ಅವಳ ಕೈಗಿತ್ತೆ. ಹೊಸ ನೋಂದಣಿ ತೆರೆಯುವವರೆಗೆ ಅದನ್ನೇ ಓದುತ್ತಿರುತ್ತೇನೆಂದು ಹೇಳಿ ಹೋದಳು.